ಕಾರು ಹೊಳೆಯ ಆಚೆ ಹೋಗೋದಿಲ್ಲ

ಅಲಾಸ್ಕದ ಮೆಕಾರ್ಥಿ ಅನ್ನೋ ಪುಟ್ಟ ಊರಿಗೆ ಹೋದರೆ ಕಾರನ್ನು ಹೊಳೆಯ ಈಚೆ ದಡದಲ್ಲೇ ಬಿಡಬೇಕು. ಇಡೀ ಪ್ರವಾಸದಲ್ಲಿ ನನಗೆ ಹಿಡಿಸಿದ್ದು ಇದೇ. ಬೆಟ್ಟ, ಹಿಮನದಿ ಎಲ್ಲ ಆಮೇಲೆ.

ನಾನಿರೋದು ಸಿಯಾಟಲ್‌ನಲ್ಲಿ. ಊರಿಂದ ಬಂದಿದ್ದ ಅಮ್ಮ ಹಿಮನದಿ ನೋಡಬೇಕು ಅಂದರು. ಆ್ಯಂಕರೇಜ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಏಳೆಂಟು ಗಂಟೆ. ಕೊನೆಯ 96 ಕಿ.ಮೀ. ಬರೀ ಜಲ್ಲಿ ರಸ್ತೆ. ತಾಮ್ರದ ಗಣಿಗೆ ಹೋಗುತ್ತಿದ್ದ ರೈಲಿನ ಹಳಿ ಕಿತ್ತ ದಾರಿ ಅದು. ಹಳೇ ಮೊಳೆಗಳು ಈಗಲೂ ಮೇಲೆದ್ದು ಬಂದು ಟೈರು ಪಂಚರ್ ಮಾಡುತ್ತವೆ, ಅದಕ್ಕೇ ಎಷ್ಟೋ ಕಂಪನಿಗಳು ಈ ರಸ್ತೆಗೆ ಅಂದರೆ ಕಾರೇ ಕೊಡೋದಿಲ್ಲ. ನಡುವೆ 1910ರ ಕುಸ್ಕುಲಾನಾ ಸೇತುವೆ, ನೀರಿನಿಂದ 238 ಅಡಿ ಮೇಲೆ, ಒಂದೇ ಗಾಡಿ ಹೋಗುವಷ್ಟು ಅಗಲ. ಅಮ್ಮ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳುವ ಹಾಗಿರಲಿಲ್ಲ.

ಇದೆಲ್ಲ ರಾಂಗಲ್-ಸೇಂಟ್ ಇಲಾಯಸ್ ರಾಷ್ಟ್ರೀಯ ಉದ್ಯಾನದ ಒಳಗೆ. ಸುಮಾರು 53,000 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ. ಅಷ್ಟಕ್ಕೂ ಒಳಗೆ ಹೋಗೋ ರಸ್ತೆ ಎರಡೇ.

ಕೆನಿಕಾಟ್ ಹೊಳೆ ಸಿಕ್ಕಲ್ಲಿ ರಸ್ತೆ ಮುಗಿಯುತ್ತದೆ. ಮುಂದೆ ಕಾಲುಸೇತುವೆ. ಅದೂ 1997ರಲ್ಲಿ ಬಂದದ್ದು, ಅದಕ್ಕೆ ಮೊದಲು ಜನ ತಂತಿಗೆ ತೂಗುಹಾಕಿದ ತೊಟ್ಟಿಲಲ್ಲಿ ಕೂತು ಹಗ್ಗ ಎಳೆದುಕೊಂಡು ದಾಟುತ್ತಿದ್ದರು. ಕಾರು ಹೋಗೋ ಸೇತುವೆ ಕಟ್ಟೋದು ಆ ದೇಶಕ್ಕೆ ಕಷ್ಟವೇನಲ್ಲ. ಊರಿನವರಲ್ಲೇ ಬಹಳ ಜನಕ್ಕೆ ಅದು ಬೇಡವಾಗಿತ್ತು. (ಊರಿನವರ ಬಳಕೆಗೆ ಕೆಳಗೊಂದು ಖಾಸಗಿ ಸೇತುವೆ ಇದೆ, ಅದು ನಮ್ಮಂಥವರಿಗಲ್ಲ.)

ನಮ್ಮಲ್ಲಿ ಹೇಗೆ? ಕಾರು ತುದಿ ಮುಟ್ಟುವ ತನಕ ನಮಗೆ ಸಮಾಧಾನ ಇಲ್ಲ. ರಾಜ್ಯದ ಎತ್ತರದ ಬೆಟ್ಟ ಮುಳ್ಳಯ್ಯನಗಿರಿಗೇ ಮೆಟ್ಟಿಲ ಬುಡದವರೆಗೆ ರಸ್ತೆ ಮಾಡಿಕೊಂಡಿದ್ದೇವೆ. ಆಮೇಲೆ ಶನಿವಾರ ಭಾನುವಾರ ಟ್ರಾಫಿಕ್ ಜಾಮ್ ಅಂತ ಗೊಣಗುತ್ತೇವೆ. ಹಿಮನದಿಯ ಲೆಕ್ಕಕ್ಕೆ ಬಂದರೆ ಗೋಮುಖ ವಾಸಿ. ಗಂಗೋತ್ರಿಯಿಂದ 18 ಕಿ.ಮೀ. ನಡೆಯಲೇಬೇಕು, ದಿನಕ್ಕೆ 150 ಜನಕ್ಕಷ್ಟೇ ಪರವಾನಗಿ. ಆದರೆ ಅಲ್ಲಿ ತಡೆಯೋದು ಚೀಟಿ. ಇಲ್ಲಿ ಚೀಟಿಯೂ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ, ದಾರಿಯೇ ಜನರನ್ನು ಸೋಸಿಬಿಡುತ್ತದೆ. ನನಗೆ ಇದೇ ಮೇಲು ಅನಿಸಿತು. ಅಷ್ಟು ಜಾಗಕ್ಕೆ ಅಷ್ಟು ಕಡಿಮೆ ಜನ ಇರೋದರಿಂದ ಇದು ನಡೀತದೆ ಅನ್ನೋದೂ ನಿಜ. ಗಂಗೆಯ ಮೂಲಕ್ಕೆ ಹೊರಟ ಯಾತ್ರಿಕರಿಗೆ ಇಂಥ ಮಾತು ಹೇಳೋಕಾಗಲ್ಲ, ಅಲ್ವಾ?

ಸೇತುವೆ ದಾಟಿ ವ್ಯಾನ್ ಹತ್ತಿ ಎಂಟು ಕಿ.ಮೀ. ಹೋದರೆ ಕೆನೆಕಾಟ್. 1938ರಲ್ಲಿ ಮುಚ್ಚಿದ ತಾಮ್ರದ ಗಣಿಯ ಊರು, ಹದಿನಾಲ್ಕು ಅಂತಸ್ತಿನ ಕೆಂಪು ಮರದ ಗಿರಣಿ ಇನ್ನೂ ನಿಂತಿದೆ. ಎದುರಿಗೆ ಕಣಿವೆ ತುಂಬ ಬೂದು ಕಲ್ಲಿನ ದಿಬ್ಬಗಳು. ಅಮ್ಮ ನೋಡಿದವರೇ, "ಇಷ್ಟು ದೂರ ಕರ್ಕೊಂಡು ಬಂದು ಜಲ್ಲಿ ಕ್ವಾರಿ ತೋರಿಸ್ತಿದೀಯಲ್ಲೋ" ಅಂದರು. ನಾನೂ ಗಣಿಯ ಕಸ ಅಂದುಕೊಂಡೆ. ಅದೇ ಹಿಮನದಿ! ಬೆಟ್ಟದಿಂದ ಉದುರಿದ ಕಲ್ಲುಮಣ್ಣು ಮೇಲೆ ಹೊದ್ದುಕೊಂಡಿದೆ, ಅಡಿಯಲ್ಲಿ ಪೂರ್ತಿ ಮಂಜುಗಡ್ಡೆ. ಗಣಿ ನಡೆಯುತ್ತಿದ್ದ ಕಾಲದ ಫೋಟೋಗಳಲ್ಲಿ ಅದು ಎಷ್ಟೋ ಎತ್ತರಕ್ಕಿದೆ. ಈಗ ಕುಸಿದು ಕೆಳಗೆ ಹೋಗಿದೆ.

ಬಿಳಿ ಹಿಮನದಿ ಬೇಕು ಅಂದರೆ ಮೂರು ಕಿ.ಮೀ. ನಡೆದು ರೂಟ್ ಗ್ಲೇಷಿಯರ್‌ಗೆ ಹೋಗಬೇಕು. ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಂಡು ಗೈಡ್ ಹಿಂದೆ ಹತ್ತಿದೆ. ಮಂಜಿನ ಮೇಲೆ ಹರಿಯುವ ನೀರು, ಗುಂಡಿಗಳಲ್ಲಿ ನಿಂತ ನೀರು ಎಲ್ಲ ನೀಲಿ, ಶಾಯಿ ಕಲಸಿದ ಹಾಗೆ. ದಟ್ಟ ಮಂಜುಗಡ್ಡೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನೀಲಿ ಮಾತ್ರ ಹೊರಗೆ ಬರುತ್ತದೆ. ಕಂಬಿ ಇಲ್ಲ, ಸೀಟಿ ಊದುವ ಕಾವಲುಗಾರ ಇಲ್ಲ. ಬಿರುಕಿನ ಅಂಚಿಗೆ ಹೋಗೋದೂ ಬಿಡೋದೂ ನಿಮಗೆ ಬಿಟ್ಟದ್ದು. ಒಂದು ಗುಂಡಿ ಬಗ್ಗಿ ನೋಡಿ ಸುಮ್ನೆ ಹಿಂದೆ ಬಂದೆ.

ಅಮ್ಮ ಅಷ್ಟು ದೂರ ಬರಲಿಲ್ಲ, ಗಿರಣಿಯ ಹತ್ತಿರವೇ ಕೂತಿದ್ದರು. ವಾಪಸ್ಸು ಕಾಲುಸೇತುವೆ ದಾಟುವಾಗ ಕಾರಿಲ್ಲದ ಜಾಗದ ಬಗ್ಗೆ ನನ್ನ ಭಾಷಣ ಜೋರಾಗಿಯೇ ಇತ್ತು. ಅಮ್ಮ ನಡುವೆ ನಿಂತು ತಂತಿ ಹಿಡಿದುಕೊಂಡು, "ನಿನಗೇನಪ್ಪ, ನಿನ್ನ ಮಂಡಿ ಚೆನ್ನಾಗಿದೆ" ಅಂದರು. ನಾನು ಅವರ ಚೀಲ ಇಸ್ಕೊಂಡು ಹಿಂದೆ ನಡೆದೆ.