ಮುಟ್ಟದೆ ಓದಲಾಗದ ಪುಸ್ತಕಗಳು

ಮಹಿಳೆಯರ ಪುಸ್ತಕ ಕಲೆ, ಅಂದರೆ ಪುಸ್ತಕವನ್ನೇ ಕಲಾಕೃತಿಯಾಗಿ ರೂಪಿಸುವ ಕಲೆಯ ಬಗ್ಗೆ ಕನ್ನಡದಲ್ಲಿ ಲೇಖನವೊಂದು ಬಂದದ್ದು ಸಂತೋಷ. ಆದರೆ ಲೇಖನ ಈ ಕಲೆಯನ್ನು 'ನೋಡುವ ಕಲೆ' ಎಂದು ಕರೆದದ್ದನ್ನು ಒಪ್ಪಲಾರೆ. ಅಮೆರಿಕದ ಕಲಾವಿದೆ ಆಲಿಸನ್ ನೋಲ್ಸ್ 1963ರಲ್ಲಿ ಮಾಡಿದ 'ಬೀನ್ ರೋಲ್ಸ್' ಒಂದು ತಗಡಿನ ಡಬ್ಬಿ. ಒಳಗೆ ಕಾಗದದ ಸುರುಳಿಗಳು, ಒಣಗಿದ ಕಾಳು. ಅಲುಗಿಸಿದರೆ ಗಲಗಲ ಎನ್ನುತ್ತದೆ. 1967ರ ಅವರ 'ದಿ ಬಿಗ್ ಬುಕ್' ಸುಮಾರು ಎಂಟು ಅಡಿ ಎತ್ತರ. ಓದುಗರು ಪುಟಗಳೊಳಗೆ ತೂರಿಕೊಂಡೇ ಹೋಗಬೇಕಿತ್ತು. ಒಲೆಯೂ ಅಲ್ಲಿತ್ತು!

ಕಳೆದ ವರ್ಷ ನಾನು ಲಾಲ್‌ಬಾಗಿನ ಬಂಡೆಯ ಮೇಲೆ ಕಾಗದ ಹಾಸಿ, ಇದ್ದಿಲು ಉಜ್ಜಿ ಅದರ ಮೈಯ ಅಚ್ಚು ತೆಗೆದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಮಧ್ಯಾಹ್ನದ ಹೊತ್ತಿಗೆ ನನ್ನ ಮೊಣಕಾಲಿನ ಮೇಲೂ ಅದೇ ತರಿತರಿ ಗುರುತು ಮೂಡಿತ್ತು. ಹಾಳೆಗಳನ್ನು ದಾರದಿಂದ ಹೊಲಿದೆ. ಪುಟ ತಿರುವಿದರೆ ಒರಟು ಕಾಗದ ಒಂದಕ್ಕೊಂದು ಉಜ್ಜಿ ಅಜ್ಜಿಯ ರಾಗಿಕಲ್ಲಿನ ಸದ್ದು ಬರುತ್ತದೆ. ಬೀಸುವ ಪದಗಳ ಲಯವೂ ಹೆಂಗಸರ ತೋಳು ಸುತ್ತುವ ಗತಿಯಿಂದಲೇ ಹುಟ್ಟಿದ್ದಲ್ಲವೇ?

ಪ್ರದರ್ಶನವೊಂದರಲ್ಲಿ ಆ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿದ್ದರು. ಹಟ ಹಿಡಿದು ಹೊರಗೆ ತೆಗೆಸಿದೆ. ಸಂಜೆಯಾಗುವಷ್ಟರಲ್ಲಿ ಅದರ ಅಂಚುಗಳೆಲ್ಲ ಬಂದವರ ಬೆರಳಿನ ಮಸಿಯಿಂದ ಕಪ್ಪಾಗಿದ್ದವು.