ಪಾಲೆ ಮರ, ಕಾಸರಕ ಮತ್ತು ನಮ್ಮ ಮನೆ ಮದ್ದು

ಆಟಿ ಅಮಾವಾಸ್ಯೆ ದಿನ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ಕಾಫಿ ಇಲ್ಲ. ಬರಿ ಹೊಟ್ಟೆಗೆ ಪಾಲೆ ಕಷಾಯ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಜುಲೈ, ಆಗಸ್ಟ್ ಹೊತ್ತಿನ ಜಡಿಮಳೆಯ ತಿಂಗಳೇ ಆಟಿ. ಆ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಯಾರಾದರೂ ಹೋಗಿ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರಬೇಕು. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅದನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡುತ್ತಾರೆ. ಬಿಳಿ ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ರಸಕ್ಕೆ ಹಾಕಿದರೆ ಚುಂಯ್ ಅನ್ನುತ್ತದೆ. ಅದೇ ಒಗ್ಗರಣೆ. ಕುಡಿದ ಮೇಲೆ ನಾಲಿಗೆಗೆ ಬೆಲ್ಲದ ಚೂರು, ಆಮೇಲೆ ಮೆಂತೆ ಗಂಜಿ. ಕಷಾಯ ಉಷ್ಣ, ಮೆಂತೆ ತಂಪು ಅನ್ನುವ ಲೆಕ್ಕ.

ನಾನು ಪ್ರತಿ ವರ್ಷ ಕುಡಿಯುತ್ತೇನೆ. ವರ್ಷವಿಡೀ ಯಾವ ಕಾಯಿಲೆಯೂ ಬರುವುದಿಲ್ಲ ಅನ್ನುವ ಮಾತನ್ನು ನಂಬಿ ಅಲ್ಲ. ಅಜ್ಜಿ ಕೊಟ್ಟ ಕಹಿ ಅದು, ಬಿಡಲು ಮನಸ್ಸಿಲ್ಲ.

ಆದರೆ ಇದೇ ಕಷಾಯ ಕುಡಿದು ಜನ ಸತ್ತಿದ್ದಾರೆ. ಪಾಲೆಯಿಂದಲ್ಲ. ಕತ್ತಲಲ್ಲಿ ಪಾಲೆ ಅಂದುಕೊಂಡು ಕಾಸರಕದ ಕೆತ್ತೆ ತಂದದ್ದರಿಂದ. ನಮ್ಮ ಗುಡ್ಡಗಳಲ್ಲಿ ಎರಡೂ ಮರಗಳಿವೆ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಅನ್ನುವ ವಿಷ. ಮೈ ಸೆಟೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಅಜ್ಜಿ ಅದಕ್ಕೇ ಹಿಂದಿನ ದಿನ ಹಗಲಲ್ಲೇ ಹೋಗಿ ಮರ ನೋಡಿ, ಬುಡಕ್ಕೆ ಬಳ್ಳಿ ಕಟ್ಟಿ ಬರುತ್ತಿದ್ದರು. ಬೆಳಗಿನ ಜಾವ ಹೋಗುವವರು ಬಳ್ಳಿ ಮುಟ್ಟಿ ನೋಡಿಯೇ ಕಲ್ಲು ಎತ್ತಬೇಕಿತ್ತು.

ಮನೆ ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳ ಆಡುವವರನ್ನು ಕಂಡಾಗೆಲ್ಲ ನನಗೆ ಆ ಬಳ್ಳಿ ನೆನಪಾಗುತ್ತದೆ. ಗಿಡದ ಗುರುತು ಗೊತ್ತಿರಬೇಕು. ಕಾಯಿಲೆಯ ಗುರುತೂ ಗೊತ್ತಿರಬೇಕು. ನಾವೀಗ ಗುರುತನ್ನು ಬಿಟ್ಟು ಬರೀ ಮದ್ದನ್ನು ವಾಟ್ಸಾಪಲ್ಲಿ ಹಂಚುತ್ತಿದ್ದೇವೆ.

ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಎಷ್ಟು ಓಡಿತು, ನೆನಪಿದೆಯಲ್ವಾ? ತಿಂಗಳುಗಟ್ಟಲೆ ದಿನಾ ಕುಡಿದವರಿದ್ದಾರೆ. 2021ರಲ್ಲಿ ಮುಂಬೈನ ವೈದ್ಯರು, ಹಾಗೆ ಕುಡಿದ 6 ಜನರ ಲಿವರ್ ಕೆಟ್ಟದ್ದನ್ನು ಬರೆದರು. ಅವರು ಕುಡಿದದ್ದು ಅಮೃತಬಳ್ಳಿಯೇ ಹೌದೋ, ಅದೇ ಜಾತಿಯ ಬೇರೆ ಬಳ್ಳಿಯೋ ಎಂದು ಆಯುಷ್ ಸಚಿವಾಲಯ ಕೇಳಿತು. ಮರುವರ್ಷ ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಂದ ಇಂಥದ್ದೇ 43 ಜನರ ವರದಿ ಬಂತು. ನನಗೆ ಬೇಜಾರಾದದ್ದು ಒಂದಕ್ಕೆ. ಅಜ್ಜಿ ಅಮೃತಬಳ್ಳಿ ಕೊಡುತ್ತಿದ್ದದ್ದು ಜ್ವರ ಬಂದಾಗ, ಎರಡು ಮೂರು ದಿನ ಮಾತ್ರ. ಆರು ತಿಂಗಳು ಕುಡಿ ಎಂದು ಯಾವತ್ತೂ ಹೇಳಿರಲಿಲ್ಲ.

ಕಾಯಿಲೆಯ ಗುರುತು ತಪ್ಪಿದ್ದು ನಮ್ಮ ಮನೆಯಲ್ಲೇ. ನನ್ನ ದೊಡ್ಡ ಮಾವನಿಗೆ ಕಣ್ಣು ಹಳದಿಯಾಯಿತು. ಕಾಮಾಲೆ ಅಂದರು ಎಲ್ಲರೂ. ಮದ್ದು ಕೊಡುವವರ ಮನೆಗೆ ನಾನೇ ಕಾರಲ್ಲಿ ಕರೆದುಕೊಂಡು ಹೋದೆ. ಅವರು ದುಡ್ಡು ಮುಟ್ಟಲಿಲ್ಲ, ಒಳ್ಳೆಯ ಮನುಷ್ಯರು. ಮೂರು ಬೆಳಗ್ಗೆ ಹಾಲಿನಲ್ಲಿ ಸೊಪ್ಪಿನ ರಸ, ಉಪ್ಪು ಎಣ್ಣೆ ಇಲ್ಲದ ಪಥ್ಯ. ಪಕ್ಕದ ಮನೆಯ ಹುಡುಗನಿಗೆ ಅದೇ ಮದ್ದಿನಲ್ಲಿ ವಾಸಿಯಾಗಿತ್ತು. ಮಾವನಿಗೆ ಆಗಲಿಲ್ಲ. ರಾತ್ರಿಯೆಲ್ಲ ಮೈ ತುರಿಕೆ. ಬೆನ್ನು ತುರಿಸಿಕೊಳ್ಳಲು ಅತ್ತೆಯ ಬಾಚಣಿಗೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಮಲ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಅವರು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಒಂದು ತಿಂಗಳಾದ ಮೇಲೆ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಬಾಯಿಯಿಂದ ಕೊಳವೆ ಇಳಿಸಿ ತೆಗೆದರು. ಬದುಕಿದರು. ಆದರೆ ಆ ಒಂದು ತಿಂಗಳು ಅವರು ಪಟ್ಟ ಕಷ್ಟ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕಣ್ಣು ಹಳದಿಯಾಗುವುದು ಒಂದೇ ಕಾಯಿಲೆಯಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆಗ ಏನು ಕುಡಿದಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಕಲ್ಲು ಕಟ್ಟಿಕೊಂಡಿದ್ದರೆ ನೆಲನೆಲ್ಲಿಯೂ ಅದನ್ನು ಸರಿಸುವುದಿಲ್ಲ. ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್ ಮೊದಲೇ ಆಗಿದ್ದರೆ ಸಾಕಿತ್ತು.

ಹಾಗಂತ ನಾನು ಮನೆ ಮದ್ದು ಬಿಟ್ಟಿಲ್ಲ. ಶೀತಕ್ಕೆ ಸಾಂಬಾರ ಬಳ್ಳಿ (ದೊಡ್ಡಪತ್ರೆ) ಎಲೆ ಬಾಡಿಸಿ ರಸ, ಬಾಯಿ ರುಚಿ ಕೆಟ್ಟಾಗ ಒಂದೆಲಗದ ತಂಬುಳಿ, ಕೆಮ್ಮಿಗೆ ಜೇನು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಎಳೆ ಹೊಟ್ಟೆಯಲ್ಲಿ ಬೆಳೆದು ವಿಷವಾಗುತ್ತದೆ. ಬಾಣಂತಿ ಮನೆಗೆ ಹೋದಾಗಲೆಲ್ಲ ಇದನ್ನು ಹೇಳುತ್ತೇನೆ, ಹಿರಿಯರು ಮುಖ ಸಣ್ಣ ಮಾಡಿದರೂ ಹೇಳುತ್ತೇನೆ.

ಭೇದಿಯಾದರೆ ಅಜ್ಜಿ ಉಪ್ಪು ಹಾಕಿದ ಗಂಜಿ ತಿಳಿ ಕುಡಿಸುತ್ತಿದ್ದರು. ಸುಮ್ನೆ ಅಲ್ಲ ಅದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರ ಬಳಿ ಡ್ರಿಪ್ ಮುಗಿದಿತ್ತು. ಸಕ್ಕರೆ ಅಂಶ, ಉಪ್ಪು, ಸೋಡಾ ಕಲಸಿದ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇಕಡ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣದ ಹಿಂದೆ ಅದೇ ಲೆಕ್ಕ ಇದೆ. ನಮ್ಮ ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಡಬ್ಬಿಯ ಪಕ್ಕದಲ್ಲೇ ಎರಡು ಪೊಟ್ಟಣ ಇಟ್ಟಿದ್ದೇನೆ. ಮಗು ಅತ್ತರೆ ಕಣ್ಣೀರು ಬರುತ್ತಿಲ್ಲ, ಆರು ಗಂಟೆಯಾದರೂ ಮೂತ್ರ ಮಾಡಿಲ್ಲ ಅಂದರೆ ಗಂಜಿ, ಪೊಟ್ಟಣ ಅಂತ ಮನೆಯಲ್ಲೇ ಕೂರಬೇಡಿ, ಪೊಟ್ಟಣದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಓಡಿ.

ಈ ಸಲ ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ಮಗಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಪಾಲೆಯ ಎಲೆಗಳು ಕೊಂಬೆಯ ಸುತ್ತ ಚಕ್ರದ ಹಾಗೆ ಇರುತ್ತವೆ. ಅವಳು ಎಣಿಸಿದಾಗ ಒಂದು ಕಡೆ ಆರು, ಇನ್ನೊಂದು ಕಡೆ ಏಳು. ಕಾಸರಕದಲ್ಲಿ ಎದುರುಬದುರಾಗಿ ಎರಡೇ. ಪಾಲೆ ಎಲೆ ಮುರಿದರೆ ಹಾಲು ಒಸರುತ್ತದೆ, ಕಾಸರಕಕ್ಕೆ ಹಾಲಿಲ್ಲ. ಹಿಂದೆ ಇದೇ ಪಾಲೆಯ ಹಲಗೆಯಲ್ಲಿ ಮಕ್ಕಳು ಅಕ್ಷರ ಬರೆಯುತ್ತಿದ್ದರು ಅಂದೆ, ಕಣ್ಣರಳಿಸಿದಳು. ಎಲೆಯನ್ನು ಮತ್ತೊಮ್ಮೆ ಅವಳೇ ಮುರಿದು ನೋಡಿದಳು. ಬೆರಳಿಗೆ ಅಂಟಿದ ಹಾಲನ್ನು ಅಂಗಿಗೆ ಒರೆಸಿಕೊಂಡು, ಬುಡಕ್ಕೆ ಬಳ್ಳಿ ಕಟ್ಟಿದಳು.