ಆರು ವರ್ಷದೊಳಗಿನ ಮಗು ಸಂವಿಧಾನದ ಲೆಕ್ಕಕ್ಕಿಲ್ಲವೇ?

ಶಿಕ್ಷಣ ಮೂಲಭೂತ ಹಕ್ಕು ಅಂತ ವೇದಿಕೆ ಮೇಲೆ ಹೇಳುವವರು ಯಾರ ಹಕ್ಕು ಅನ್ನುವುದನ್ನು ಬಿಡಿಸಿ ಹೇಳುವುದಿಲ್ಲ. ಸಂವಿಧಾನದ 21ಎ ವಿಧಿ ತೆಗೆದು ಓದಿ. 6ರಿಂದ 14 ವರ್ಷದ ಮಕ್ಕಳಿಗೆ, ಅಷ್ಟೇ.

ಮೊದಲು ಹೀಗಿರಲಿಲ್ಲ. 14 ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಅಂತ 1950ರಲ್ಲೇ 45ನೇ ವಿಧಿ ಹೇಳಿತ್ತು. ಆರು ವರ್ಷದ ಗೆರೆ ಅಲ್ಲಿರಲಿಲ್ಲ. ಅದು ನಿರ್ದೇಶಕ ತತ್ವ, ಕೋರ್ಟಿನಲ್ಲಿ ಕೇಳಿ ಪಡೆಯುವಂತಿರಲಿಲ್ಲ, ನಿಜ. ಆದರೆ 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 14ರವರೆಗಿನ ಶಿಕ್ಷಣ ಬದುಕುವ ಹಕ್ಕಿನೊಳಗೇ ಇದೆ ಎಂದಿತು. 2002ರ 86ನೇ ತಿದ್ದುಪಡಿಯಲ್ಲಿ ಆ ಹಕ್ಕನ್ನು ಸಂವಿಧಾನಕ್ಕೆ ಸೇರಿಸುವಾಗ ಪುಟ್ಟ ಮಕ್ಕಳನ್ನು ಹೊರಗಿಟ್ಟು, ಮತ್ತೆ 45ನೇ ವಿಧಿಯ 'ಪ್ರಯತ್ನ'ಕ್ಕೇ ಒಪ್ಪಿಸಿದರು. ಕೋರ್ಟು ಕೊಟ್ಟಿದ್ದನ್ನು ಸಂಸತ್ತು ಕಿತ್ತುಕೊಂಡಿತು ಅಂತಲೇ ನಾನು ಹೇಳುತ್ತೇನೆ.

ನಮ್ಮ ಬೀದಿಯ ಅಂಗನವಾಡಿ ಒಂದು ಬಾಡಿಗೆ ಕೋಣೆ. ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಪಕ್ಕದಲ್ಲೇ ಬೇಳೆ ಮೂಟೆ, ತೂಕದ ಯಂತ್ರ. ಉಳಿದ ಜಾಗದಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸುತ್ತಾರೆ. ಕುಕ್ಕರ್ ಕೂಗಿದರೆ ಪದ್ಯ ನಿಲ್ಲುತ್ತದೆ. ಅಲ್ಲಿನ ಊಟಕ್ಕೆ 2013ರ ಆಹಾರ ಭದ್ರತಾ ಕಾಯ್ದೆಯ ಬಲವಿದೆ, ಕಲಿಕೆಗೆ ಅಂಥ ಬಲವಿಲ್ಲ. 1975ರಲ್ಲಿ ನಮ್ಮ ಟಿ. ನರಸೀಪುರದಲ್ಲೂ ಪ್ರಾಯೋಗಿಕವಾಗಿ ಶುರುವಾದ ಈ ಕಾರ್ಯಕ್ರಮ ಇವತ್ತಿಗೂ ಬರೀ ಯೋಜನೆ. ಕಾರ್ಯಕರ್ತೆಯರಿಗೆ ಸಿಗುವುದೂ ಸಂಬಳವಲ್ಲ, ಗೌರವಧನ.

ಇನ್ನು 14 ದಾಟಿದವರು. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಉಚಿತ ಸೀಟಿನಲ್ಲಿ ಖಾಸಗಿ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ತಾಯಿ, ಗಾರ್ಮೆಂಟ್ಸ್‌ಗೆ ಹೋಗುವವರು, ಮೊನ್ನೆ ಫೀಸಿನ ಚೀಟಿ ಹಿಡಿದು ಬಂದಿದ್ದರು. "ಒಂದನೇ ಕ್ಲಾಸಿಂದ ಅಲ್ಲೇ ಓದ್ದೋಳು ಮೇಡಂ, ಒಂಬತ್ತಕ್ಕೆ ಎಲ್ಲಿಗೆ ಕಳಿಸ್ಲಿ?" ಕಾಯ್ದೆ ಎಂಟನೇ ತರಗತಿಗೆ ಮುಗಿಯುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೀಗೆ ಶಾಲೆ ಬಿಡುವ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಗಂಡು ಹುಡುಕಲು ಶುರು ಮಾಡುತ್ತಾರೆ. ಕೆಲಸಕ್ಕೆ ಕಳಿಸಲೂ ದಾರಿ ಇದೆ. 2016ರ ತಿದ್ದುಪಡಿಯಾದ ಮೇಲೂ ಬಾಲಕಾರ್ಮಿಕ ಕಾಯ್ದೆ 14 ದಾಟಿದವರನ್ನು ತಡೆಯುವುದು ಅಪಾಯಕಾರಿ ಕೆಲಸಗಳಿಂದ ಮಾತ್ರ. 18ರೊಳಗಿನವರೆಲ್ಲ ಮಕ್ಕಳು ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ.

ಒಳ್ಳೆಯ ಯೋಜನೆಗಳಿವೆಯಲ್ಲ, ಸಂವಿಧಾನವನ್ನೇ ಯಾಕೆ ತಿದ್ದಬೇಕು ಅಂತ ಗೆಳೆಯರು ಕೇಳುತ್ತಾರೆ. ಯೋಜನೆಯನ್ನು ಮುಂದಿನ ಬಜೆಟ್ಟಿನಲ್ಲಿ ಕತ್ತರಿಸಬಹುದು. ಮೂಲಭೂತ ಹಕ್ಕಾದರೆ ಆ ತಾಯಿ ನೇರ ಹೈಕೋರ್ಟಿಗೆ ಹೋಗಬಹುದು. ದುಡ್ಡೆಲ್ಲಿಂದ ಅನ್ನುವ ಪ್ರಶ್ನೆಗೆ ಸರ್ಕಾರ ಅಲ್ಲಿ ಉತ್ತರ ಕೊಡಲಿ. ವೋಟಿಲ್ಲದ ಮಕ್ಕಳಿಗೆ ಇದಕ್ಕಿಂತ ಬೇರೆ ಬಲ ಏನಿದೆ?

ನಮ್ಮ ಬೇಡಿಕೆ ಇಷ್ಟೇ: 21ಎ ವಿಧಿಯಲ್ಲಿ '6ರಿಂದ 14' ಅನ್ನುವುದನ್ನು ತೆಗೆದು '18 ತುಂಬುವವರೆಗಿನ ಎಲ್ಲ ಮಕ್ಕಳಿಗೆ' ಅಂತ ಬರೆಯಿರಿ. ಈ ಸಲ ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಇದನ್ನು ಮಕ್ಕಳ ಮುಂದಿಡಿ. ಅವರು ಒಪ್ಪಿದರೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಹಾಕಿಸಿ, ಒಂದು ಪ್ರತಿಯನ್ನು ನಿಮ್ಮ ಸಂಸದರಿಗೆ ಕಳಿಸಿ.